ಬಂದವರ ತಟ್ಟೆ ಮೊದಲು

ಕಾರಿನಲ್ಲಿ ಯಾರನ್ನಾದರೂ ಕೂರಿಸಿಕೊಂಡು ಹೊರಟರೆ ನನಗೊಂದು ಚಾಳಿ. "ಮೊದಲು ನಿಮ್ಮ ಹಾಡು ಹಾಕಿ" ಅನ್ನುತ್ತೇನೆ. ಅವರು ಸಂಕೋಚಪಟ್ಟು "ಪರವಾಗಿಲ್ಲ ಮೇಡಂ, ನಿಮ್ಮದೇ ಇರಲಿ" ಎಂದರೂ ಬಿಡುವವಳಲ್ಲ. ಹೀಗೆ ಒತ್ತಾಯ ಮಾಡಿ ಮಾಡಿ ತಿಪಟೂರಿನಿಂದ ತುರುವೇಕೆರೆಯವರೆಗೆ ಎಂತೆಂಥ ಹಾಡುಗಳನ್ನು ಕೇಳಿದ್ದೇನೆ ಎಂದರೆ, ಒಮ್ಮೊಮ್ಮೆ ಇಳಿದು ನಡೆದುಕೊಂಡೇ ಹೋಗಿಬಿಡೋಣ ಅನ್ನಿಸಿದ್ದೂ ಉಂಟು. "ನಿನ್ನ ಕಾರು, ನಿನ್ನ ಪೆಟ್ರೋಲು, ಕಿವಿ ಮಾತ್ರ ಊರವರದ್ದು" ಎಂದು ನನ್ನ ಯಜಮಾನರು ರೇಗಿಸುತ್ತಾರೆ. ರೇಗಿಸಲಿ. ಇದು ನಮ್ಮಪ್ಪನ ಮನೆಯಿಂದ ಬಂದ ನಿಯಮ. ಅಲ್ಲಿ ಬಂದವರ ತಟ್ಟೆ ಮೊದಲು, ಮನೆಯವರದು ಆಮೇಲೆ. ಊಟದ ತಟ್ಟೆಯ ಮಾತಲ್ಲ, ಹಾಡಿನ ತಟ್ಟೆಯದು. ಈ ಒಂದು ನಿಯಮದಿಂದ ನಮ್ಮೂರಿನಲ್ಲಿ ನಡೆದದ್ದು ಪ್ರಪಂಚದ ಇನ್ಯಾವ ಊರಿನಲ್ಲೂ ನಡೆದಿರಲಿಕ್ಕಿಲ್ಲ ಎಂದು ನಾನು ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತೇನೆ.

ನಮ್ಮದು ದಬ್ಬೇಘಟ್ಟದ ಕಡೆಯ ಒಂದು ಸಣ್ಣ ಹಳ್ಳಿ. ಅಪ್ಪನದು ತೆಂಗಿನ ತೋಟ. ತೊಂಬತ್ತರ ದಶಕದ ಮೊದಲಲ್ಲಿ ಒಂದು ದಿನ ಅವರು ತಿಪಟೂರಿಗೆ ಕೊಬ್ಬರಿ ಹಾಕಲು ಹೋದವರು ಬರುವಾಗ ಕಂಕುಳಲ್ಲಿ ಒಂದು ಚೌಕದ ರಟ್ಟನ್ನು ಇಟ್ಟುಕೊಂಡು ಬಂದರು. ಬಸ್‌ಸ್ಟ್ಯಾಂಡಿನ ಹತ್ತಿರ ಪುಸ್ತಕದ ವ್ಯಾನು ನಿಂತಿತ್ತಂತೆ. ಆಗ ರಷ್ಯಾ ಒಡೆದುಹೋಗುತ್ತಿತ್ತು. ಆ ದೇಶದಿಂದ ಬರುತ್ತಿದ್ದ ನುಣುಪು ಕಾಗದದ ಪುಸ್ತಕಗಳನ್ನೂ ಗ್ರಾಮಫೋನ್ ತಟ್ಟೆಗಳನ್ನೂ ಸಿಕ್ಕಿದ ಬೆಲೆಗೆ ಕೊಟ್ಟು ವ್ಯಾನಿನವರು ಕೈತೊಳೆದುಕೊಳ್ಳುತ್ತಿದ್ದರು. ಅಪ್ಪ ಆ ತಟ್ಟೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸಂಗೀತವಲ್ಲ. ರಟ್ಟಿನ ಮೇಲಿದ್ದ ಗಡ್ಡದ ಮನುಷ್ಯ ಥೇಟ್ ಅವರ ತಾತನ ಹಾಗಿದ್ದ. ತಾತನ ಫೋಟೋ ಮನೆಯಲ್ಲಿ ಇರಲಿಲ್ಲ, ಇದಾದರೂ ಇರಲಿ ಎಂದು ತಂದರು.

ಆ ಗಡ್ಡದವರು ರಷ್ಯಾದ ದೊಡ್ಡ ಸಂಗೀತಗಾರರು, ತಟ್ಟೆಯಲ್ಲಿದ್ದದ್ದು ಅವರ ಸಿಂಫನಿಗಳಲ್ಲಿ ಐದನೆಯದು ಎಂಬುದು ನಮಗೆ ಆಮೇಲೆ ತಿಳಿಯಿತು. ಅಕ್ಷರವೆಲ್ಲ ರಷ್ಯನ್ನಿನಲ್ಲಿ. ನಮಗೆ ಓದಲು ಬಂದದ್ದು ಐದು ಎಂಬ ಅಂಕಿ ಒಂದೇ. ಆದ್ದರಿಂದ ನಮ್ಮ ಮನೆಯಲ್ಲಿ ಅವರ ಹೆಸರು ಗಡ್ಡದಜ್ಜ ಎಂದಾಯಿತು. ಈಗ ಅವರ ನಿಜವಾದ ಹೆಸರು ನನಗೆ ಗೊತ್ತಿದೆ, ಸರಿಯಾಗಿ ಉಚ್ಚರಿಸಲೂ ಬರುತ್ತದೆ. ಆದರೂ ಬಾಯಿಗೆ ಬರುವುದು ಗಡ್ಡದಜ್ಜ ಎಂದೇ.

ಮನೆಯಲ್ಲಿ ಅಪ್ಪನ ಮದುವೆಗೆ ಉಡುಗೊರೆಯಾಗಿ ಬಂದಿದ್ದ, ಸೂಟ್‌ಕೇಸಿನಂತೆ ಮುಚ್ಚುವ ಒಂದು ಪ್ಲೇಯರ್ ಇತ್ತು. ಅದರಲ್ಲಿ ಹಾಕಿ ಹಾಕಿ ನಾಟಕದ ತಟ್ಟೆಗಳೆಲ್ಲ ಸವೆದು, ರಾಜನ ಮಾತೂ ರಾಕ್ಷಸನ ಮಾತೂ ಒಂದೇ ಆಗಿಹೋಗಿದ್ದವು. ಅದರ ಮೇಲೆ ಗಡ್ಡದಜ್ಜ ಮೊದಲ ಸಲ ತಿರುಗಿದ ಸಂಜೆ ಅಮ್ಮ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಯಾರಾದ್ರೂ ಈಗ ಹಾಡ್ತಾರೆ, ಈಗ ಹಾಡ್ತಾರೆ ಅಂತ ಕಾಯ್ತಾ ಕೂತೆ. ಮುಗ್ದೇ ಹೋಯ್ತಲ್ಲ." ಅಪ್ಪ ಮರುದಿನ ಸಂಜೆ ಕೈಕಾಲು ತೊಳೆದು ಬಂದು ಮತ್ತೆ ಹಾಕಿಸಿದರು. ಅದರ ಮರುದಿನವೂ ಹಾಕಿಸಿದರು. ಹಾಕಿಸಿದರು ಎಂದೆ ನೋಡಿ, ಹಾಕುತ್ತಿದ್ದವಳು ನಾನು. ಕಾಯಿ ಸುಲಿದು ಒರಟಾಗಿದ್ದ ಅಪ್ಪನ ಬೆರಳಿಗೆ ಮುಳ್ಳನ್ನು ಮೆಲ್ಲಗೆ ಇಳಿಸುವುದು ಆಗುತ್ತಿರಲಿಲ್ಲ. ಆಗ ನಾನು ತಿಪಟೂರಿನ ಕಾಲೇಜಿಗೆ ಹೋಗುತ್ತಿದ್ದೆ. ಗೆಳತಿಯರ ಮುಂದೆ "ನಾನು ದಿನಾ ಸಂಜೆ ಸಿಂಫನಿ ಕೇಳ್ತೀನಿ" ಎಂದು ಕೊಚ್ಚಿಕೊಂಡು ರಷ್ಯಾ ಗೌರಿ ಎಂಬ ಅಡ್ಡಹೆಸರು ಸಂಪಾದಿಸಿದ್ದೆ. ಸಿಂಫನಿ ಎಂದರೇನು ಎಂದು ಒಬ್ಬಳು ಕೇಳಿಬಿಟ್ಟಾಗ ಮಾತ್ರ ಬಸ್ಸು ಬಂತು ಎಂದು ಓಡಿದ್ದೆ.

ಅಪ್ಪನಿಗೆ ಸಂಗೀತದ ಪಾಠವಾಗಿರಲಿಲ್ಲ. ಆದರೆ ಕಿವಿ ಇತ್ತು. ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟು, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುವವರೆಗೆ ಕಾಯುತ್ತಾರೆ. ಆಯಿತೋ ಇಲ್ಲವೋ ಎಂದು ನೋಡಲು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಅಪ್ಪ ಅಲ್ಲಾಡಿಸಿ, "ಇದಕ್ಕಿನ್ನೂ ಗುಟುಕು ನೀರೈತೆ" ಎಂದರೆ ಇತ್ತು ಎಂದೇ ಅರ್ಥ. ಅದೇ ಅಟ್ಟದ ಕೆಳಗಿನ ಪಡಸಾಲೆಯಲ್ಲಿ ನಮ್ಮ ಸಿಂಫನಿ. ಕೊನೆಯ ಭಾಗದಲ್ಲಿ ನಗಾರಿ ಗುಡುಗಿದಾಗ ಅಟ್ಟದಿಂದ ನಾರಿನ ದೂಳು ಉದುರುತ್ತಿತ್ತು. "ಈ ಸದ್ದಿಗೆ ಕಾಯೆಲ್ಲ ಬಸಿರಿಳಿದಂಗೆ ಒಡೀತವೆ" ಎಂದು ಅಮ್ಮ ಗೊಣಗಿದರೂ, ಆ ವರ್ಷದ ಕೊಬ್ಬರಿ ಚೆನ್ನಾಗಿ ಬಂದಾಗ ಗಡ್ಡದಜ್ಜನಿಗೂ ಒಂದು ಪಾಲು ಹೆಸರು ಹೋಯಿತು.

ಇನ್ನು ಜುಂಜಣ್ಣ ಮಾವನ ವಿಷಯಕ್ಕೆ ಬರುತ್ತೇನೆ. ಅವರು ನಮ್ಮ ಸಂಬಂಧಿಯಲ್ಲ. ಹುಳಿಯಾರಿನ ಕಡೆಯ ಒಂದು ಹಟ್ಟಿಯವರು, ಕುರಿ ಸಾಕುವ ಮನೆತನ. ಅವರ ಬಾಲ್ಯವೆಲ್ಲ ಬೋರನಕಣಿವೆಯ ಸುತ್ತ ಕುರಿಯ ಹಿಂದೆ ಕಳೆದಿತ್ತು. ಓದಿ ಕರೆಂಟ್ ಇಲಾಖೆ ಸೇರಿ, ನಮ್ಮ ಹೋಬಳಿಗೆ ಲೈನ್ ಕೊಡುವ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದರು. ಒಂದು ಸಂಜೆ ನಮ್ಮ ತೋಟದಲ್ಲಿ ಗರಿ ಬಿದ್ದು ತಂತಿ ಹರಿದಾಗ ಲೈನ್‌ಮನ್ ಜೊತೆ ನೋಡಲು ಬಂದವರು, ಕೆಲಸ ಮುಗಿದ ಮೇಲೂ ಹೋಗದೆ ನಮ್ಮ ಕಿಟಕಿಯ ಹೊರಗೆ ನಿಂತುಬಿಟ್ಟಿದ್ದರು. ಅಪ್ಪ ಒಳಗೆ ಕರೆದರು.

"ಏನಣ್ಣಾ ಇದು, ಎದೆ ಹಿಡ್ಕಂಬುಡ್ತಲ್ಲ" ಎಂದರು ಜುಂಜಣ್ಣ.

"ನಮ್ಮ ತಾತನ್ದು" ಎಂದರು ಅಪ್ಪ.

ಅಲ್ಲಿಂದ ಅವರು ಪ್ರತಿ ಭಾನುವಾರ ಬರತೊಡಗಿದರು. ಅಮ್ಮನನ್ನು ಅಕ್ಕಾ ಎಂದರು, ಅಪ್ಪನನ್ನು ಭಾವ ಎಂದರು, ನನಗೆ ಮಾವನಾದರು. ವರ್ಷ ಕಳೆಯುವುದರೊಳಗೆ ಚಿಕ್ಕನಾಯಕನಹಳ್ಳಿಯಲ್ಲಿ ಅವರಿಗೂ ಒಂದು ಪುಸ್ತಕದ ವ್ಯಾನು ಸಿಕ್ಕಿತು. ಪ್ಲೇಯರ್ ಇಲ್ಲದ ಮನುಷ್ಯ ತಟ್ಟೆ ಕೊಂಡುಬಂದರು. ರಟ್ಟಿನ ಕವರು ಕಳೆದುಹೋಗಿ ಬರೀ ಬಿಳಿ ಕಾಗದದಲ್ಲಿದ್ದ ತಟ್ಟೆ ಅದು. ಅದರ ಮೇಲೂ ರಷ್ಯನ್ ಅಕ್ಷರ, ಐದರ ಅಂಕಿ. ಆದರೆ ನಮ್ಮ ತಟ್ಟೆಯ ನಡುವಿನ ಕಾಗದ ನೀಲಿ, ಅವರದು ಕೆಂಪು. ಬಣ್ಣ ಬೇರೆಯಾದ ಮೇಲೆ ನುಡಿಸಿದವರೂ ಬೇರೆಯೇ ಎಂಬುದರಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಹಟ್ಟಿಯ ಕರಿಕಂಬಳಿಯಲ್ಲಿ ಅದನ್ನು ಸುತ್ತಿ, ಮೊಪೆಡ್ಡಿನ ಮೇಲೆ ಹಸುಗೂಸನ್ನು ತರುವಂತೆ ತರುತ್ತಿದ್ದರು.

ಭಾನುವಾರದ ಕ್ರಮ ಹೀಗೆ. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಬಸ್ಸಾರು. ಆಮೇಲೆ ಸ್ವಲ್ಪ ಹೊತ್ತು ಅಡ್ಡಾಗುವುದು. ಎದ್ದು ಮುಖ ತೊಳೆದ ಮೇಲೆ ಜುಂಜಣ್ಣ ಮಾವನ ತಟ್ಟೆ. ಅದರ ಎರಡೂ ಮೈ ಮುಗಿದ ಮೇಲೆ ಕಾಫಿ, ತೋಟದಲ್ಲಿ ಒಂದು ಸುತ್ತು. ದೀಪ ಹಚ್ಚುವ ಹೊತ್ತಿಗೆ ಬಂದು ಕೂತರೆ ನಮ್ಮ ತಟ್ಟೆ. ಈ ಕ್ರಮ ಒಂದು ದಿನವೂ ತಿರುಗುಮುರುಗಾಗಲಿಲ್ಲ. ಒಮ್ಮೆ ಮಾವ, "ಇವತ್ತು ನಿಮ್ದೇ ಮೊದ್ಲಾಗ್ಲಿ ಭಾವ" ಎಂದಿದ್ದಕ್ಕೆ ಅಪ್ಪ ಬೇಸರ ಮಾಡಿಕೊಂಡರು. "ಮನೆಗೆ ಬಂದೋರ್ನ ಕಾಯ್ಸಿ ನಂದು ಕೇಳ್ಲಾ? ಚೆನ್ನಾಗೈತೆ ನಿನ್ನ ಮಾತು."

ಇನ್ನೊಂದು ನಿಯಮ ಅಮ್ಮನದು. ಭಾನುವಾರ ನಮ್ಮ ಮನೆಯಲ್ಲಿ ಕರೆಂಟಿನ ಮಾತು ಎತ್ತುವಂತಿಲ್ಲ. ಜುಂಜಣ್ಣ ಮಾವ ಎಲ್ಲಿ ಹೋದರೂ ಜನ ಟ್ರಾನ್ಸ್‌ಫಾರ್ಮರು, ಫೇಸು, ಫ್ಯೂಸು ಎಂದು ಮುತ್ತಿಕೊಳ್ಳುತ್ತಿದ್ದರು. ಮದುವೆ ಮನೆಯಲ್ಲಿ ಪಾಯಸ ಬಡಿಸುವವನೂ ಸೌಟು ಹಿಡಿದುಕೊಂಡೇ "ನಮ್ಮ ಲೈನಿಗೆ ಯಾವಾಗ ಸ್ವಾಮಿ" ಎಂದು ಕೇಳಿದ್ದನಂತೆ. "ವಾರಕ್ಕೊಂದು ದಿನ ಆ ವಯ್ಯ ನೆಮ್ದಿಯಾಗಿ ಉಣ್ಲಿ. ಕರೆಂಟು ಅಂದೋರಿಗೆ ನಾನು ಕಾಫಿ ಕೊಡಲ್ಲ" ಎಂದು ಅಮ್ಮ ಕಟ್ಟಪ್ಪಣೆ ಮಾಡಿದ್ದಳು. ಅಪ್ಪ ಕಾಫಿಗೋಸ್ಕರ ಏನನ್ನು ಬೇಕಾದರೂ ಬಿಡುವವರು.

ಎರಡು ತಟ್ಟೆಗಳ ಹೋಲಿಕೆ ಶುರುವಾದದ್ದು ಮಾವನ ತಟ್ಟೆ ಬಂದ ಮೊದಲ ಭಾನುವಾರದಿಂದಲೇ. ಮಾವನ ತಟ್ಟೆ ನಿಧಾನ. ಗಂಭೀರ. ಶುರುವಿನಲ್ಲಿ ಬರುವ ತಗ್ಗುದನಿಯ ಊದುವಾದ್ಯ ಅವರದರಲ್ಲಿ ಇನ್ನೂ ತಗ್ಗು, ಬಾವಿಯೊಳಗಿಂದ ಬಂದಂತೆ. ನಮ್ಮದು ಚುರುಕು, ತಿಳಿಯಾದ ದನಿ, ಕೊನೆಗೆ ದಂಡು ನಡೆದಂತೆ ದಡದಡ ಹೋಗಿ ನಿಲ್ಲುತ್ತಿತ್ತು. ಅಪ್ಪನ ಪ್ರಕಾರ ಬರೆದ ಮನುಷ್ಯನ ಮನಸ್ಸು ಹಾಗೇ ಇದ್ದದ್ದು. ಮಾವನ ಪ್ರಕಾರ ನಮ್ಮ ತಟ್ಟೆಯಲ್ಲಿ ವಾದ್ಯದವರ ಮುಂದೆ ನಿಂತು ಕೋಲು ಬೀಸುವವನಿಗೆ ತಾಳ್ಮೆ ಎಂಬುದೇ ಇಲ್ಲ.

"ನಿಮ್ಮೋನು ಕಡೇ ಬಸ್ಸಿಗೆ ಹೊತ್ತಾಯ್ತು ಅಂತ ಓಡ್ತಾನೆ ಭಾವ."

"ನಿಮ್ಮೋನು ಬಸ್ಸು ಹೋದ್ಮೇಲೆ ಸ್ಟ್ಯಾಂಡಲ್ಲಿ ಕೂತವ್ನೆ ಕಣಪ್ಪ."

ಹೀಗೆ ಶುರುವಾದರೆ ರಾತ್ರಿ ಊಟದವರೆಗೂ ನಡೆಯುತ್ತಿತ್ತು. ಇಬ್ಬರೂ ತಂತಮ್ಮ ಕೋಲು ಬೀಸುವವನ ಊರು, ವಯಸ್ಸು, ಸ್ವಭಾವ ಎಲ್ಲವನ್ನೂ ಕಟ್ಟಿಕೊಂಡಿದ್ದರು. ನಮ್ಮವನು ಹರೆಯದವನು, ತೆಳ್ಳಗಿದ್ದಾನೆ, ಸಿಡುಕ. ಅವರವನು ಎಪ್ಪತ್ತು ದಾಟಿದವನು, ಹೆಂಡತಿ ತೀರಿಕೊಂಡಿದ್ದಾಳೆ. ಇದೆಲ್ಲ ಎಲ್ಲಿಂದ ಗೊತ್ತಾಯಿತು ಎಂದು ಕೇಳಿದರೆ, "ಕೇಳಿದ್ರೇ ಗೊತ್ತಾಯ್ತದಲ್ಲವ್ವ" ಅನ್ನುತ್ತಿದ್ದರು.

ಒಂದು ಕೆಮ್ಮಿನ ವಿಷಯವನ್ನೂ ಹೇಳಲೇಬೇಕು. ಎರಡನೆಯ ಭಾಗದಲ್ಲಿ ಎಲ್ಲ ವಾದ್ಯಗಳೂ ತಣ್ಣಗಾಗಿ ಒಂದು ಕೊಂಬು ಮಾತ್ರ ಮೆಲ್ಲಗೆ ನುಡಿಯುವಾಗ, ಅಲ್ಲಿ ರಷ್ಯಾದಲ್ಲಿ ಆ ಕಚೇರಿ ಕೇಳಲು ಬಂದವರಲ್ಲಿ ಯಾರೋ ಒಬ್ಬರು ಕೆಮ್ಮುತ್ತಾರೆ. ಮಾವನ ತಟ್ಟೆಯಲ್ಲಿ ಅದು ದಪ್ಪ ಕೆಮ್ಮು, ನಮ್ಮದರಲ್ಲಿ ತೆಳು ಕೆಮ್ಮು. "ಅಲ್ಲ ಕಣ್ರೀ, ರಷ್ಯಾದಲ್ಲಿ ಎಲ್ರಿಗೂ ಒಂದೇ ಜಾಗಕ್ಕೆ ಕೆಮ್ಮು ಬತ್ತದಾ?" ಎಂದು ಅಮ್ಮ ಒಮ್ಮೆ ಕೇಳಿದ್ದಳು. ಕಿವಿಯಲ್ಲಿ ಕಾಯಿಯ ನೀರು ಅಳೆಯುವ ಅಪ್ಪ, "ಚಳಿ ದೇಶ" ಎಂದರು. ಮಾವನೂ ತಲೆಯಾಡಿಸಿ, "ಆ ಜಾಗದಲ್ಲಿ ಗಂಟ್ಲು ಕಟ್ಟೇ ಕಟ್ತದೆ ಅಕ್ಕಾ" ಎಂದರು. ಅಮ್ಮ ಒಗ್ಗರಣೆ ಹಾಕಲು ಎದ್ದುಹೋದಳು. ಪದವಿ ತರಗತಿಯಲ್ಲಿ ತರ್ಕಶಾಸ್ತ್ರ ಓದುತ್ತಿದ್ದ ನಾನೂ ಅಲ್ಲೇ ಕೂತಿದ್ದೆ, ನನಗೂ ಚಳಿ ದೇಶ ಎಂಬ ಉತ್ತರ ಸರಿಯಾಗಿಯೇ ಕಂಡಿತು.

ವರ್ಷಗಳು ಹೀಗೆ ಚೆನ್ನಾಗಿಯೇ ಹೋಗುತ್ತಿದ್ದವು. ಅಪ್ಪನ ನಾಲಿಗೆ ಒಂದು ದಿನ ಜಾರಿತು. ಹಾಲ್ಕುರಿಕೆಯಿಂದ ಬಂದಿದ್ದ ನೆಂಟರೊಬ್ಬರು ನಮ್ಮ ಜೊತೆ ಕೂತು ಮಾವನ ತಟ್ಟೆ ಕೇಳುತ್ತಿದ್ದರು. ಅವರಿಗೆ ತೂಕಡಿಕೆ ಬಂತು. ಅಪ್ಪ ನಗುತ್ತಾ ಹೇಳಿದರು: "ಜುಂಜಣ್ಣನ ತಟ್ಟೆ ಮುಗಿಯೋದ್ರೊಳ್ಗೆ ಎಳನೀರು ಕೊಬ್ಬರಿ ಆಗೋಯ್ತದೆ ಬುಡಿ." ನೆಂಟರು ಎಚ್ಚರಗೊಂಡು ಗಹಗಹಿಸಿ ನಕ್ಕರು. ಮಾವ ನಗಲಿಲ್ಲ.

ಕೊಂಬು ನುಡಿಯುವ ಆ ಜಾಗ ಅವರಿಗೆ ಏನು ಎಂಬುದನ್ನು ನನಗೊಬ್ಬಳಿಗೆ ಅವರು ಹಿಂದೊಮ್ಮೆ ಹೇಳಿದ್ದರು. ಹೊತ್ತು ಮುಳುಗುವಾಗ ಕುರಿ ಹಿಂದಕ್ಕೆ ಹೊಡೆದುಕೊಂಡು ಬರುವಾಗ, ಹಟ್ಟಿಯ ಹೊರಗೆ ನಿಂತು ಅವರವ್ವ ಒಂದೊಂದು ಕುರಿಯನ್ನೂ ಹೆಸರು ಹಿಡಿದು ಕೂಗುತ್ತಿದ್ದಳಂತೆ. "ನಮ್ಮವ್ವ ಅವಸರ ಮಾಡ್ತಿರ್ಲಿಲ್ಲ ಕಣವ್ವ. ಕಡೇ ಮರಿ ಒಳಕ್ಕೆ ಬರೋಗಂಟ ಕೂಗೋಳು" ಎಂದಿದ್ದರು. ಅಪ್ಪನಿಗೆ ಇದು ಗೊತ್ತಿರಲಿಲ್ಲ.

ಮಾವ ಮುಳ್ಳು ಎತ್ತು ಎಂದು ನನಗೆ ಕೈಸನ್ನೆ ಮಾಡಿದರು. ತಟ್ಟೆಯನ್ನು ಕಂಬಳಿಯಲ್ಲಿ ಸುತ್ತಿದರು. "ಬತ್ತೀನಿ ಅಕ್ಕಾ" ಎಂದು ಅಮ್ಮನಿಗೆ ಮಾತ್ರ ಹೇಳಿ ಹೊರಟರು. ಕಾಫಿ ಲೋಟದಲ್ಲಿ ಹಾಗೇ ಉಳಿಯಿತು.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅಪ್ಪ ಮೊದಲು ಜಂಬ ಮಾಡಿದರು, "ಬರದಿದ್ರೆ ಬುಡ್ಲಿ, ನಂದ್ನ ನಾನು ಕೇಳ್ತೀನಿ" ಎಂದರು. ಕೇಳಲಿಲ್ಲ. ಭಾನುವಾರ ಸಂಜೆ ನಾನು ಪ್ಲೇಯರ್ ತೆರೆದು ಕೂತರೆ, "ಮುಚ್ಚವ್ವ, ಬಂದೋರ್ದು ಆಗ್ದೆ ನಮ್ದು ಹೆಂಗೆ ಹಾಕದು" ಎಂದು ತೋಟಕ್ಕೆ ಎದ್ದುಹೋಗುತ್ತಿದ್ದರು. ತಮ್ಮ ನಿಯಮಕ್ಕೆ ತಾವೇ ಸಿಕ್ಕಿಕೊಂಡಿದ್ದರು. ಮಾತಿಗೆ ಜನ ಬೇಕಾದಷ್ಟು ಇದ್ದರು, ಆದರೆ ಗಡ್ಡದಜ್ಜನ ವಿಷಯದಲ್ಲಿ ಅಪ್ಪನ ಜೊತೆ ಜಗಳವಾಡಬಲ್ಲವರು ಆ ಸೀಮೆಯಲ್ಲೇ ಇನ್ನೊಬ್ಬರಿರಲಿಲ್ಲ. ಬೇಸಿಗೆ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಅಪ್ಪ ಊಟವೂ ಸೇರದೆ ಸೊರಗಿದರು.

ಕೊನೆಗೆ ಅಮ್ಮನೇ ತೀರ್ಮಾನ ಮಾಡಿದಳು. ನಮ್ಮೂರಿನಲ್ಲಿ ಬದುವಿನ ಜಗಳ, ದಾರಿಯ ಜಗಳ, ಅಣ್ಣತಮ್ಮಂದಿರ ಜಗಳ ಎಲ್ಲಕ್ಕೂ ನ್ಯಾಯ ಕೂರಿಸುತ್ತಿದ್ದರು. ಅಮ್ಮ ನೇರವಾಗಿ ಊರ ಹಿರಿಯರಾದ ರಂಗಜ್ಜನ ಮನೆಗೆ ಹೋಗಿ ನ್ಯಾಯ ಬೇಕು ಎಂದಳು. ರಂಗಜ್ಜ ಗಾಬರಿಯಾದರಂತೆ.

"ಏನವ್ವಾ, ನಿನ್ ಗಂಡ ಏನಾರ ಕೈಮಾಡಿದ್ನಾ?"

"ಇಲ್ಲ ರಂಗಜ್ಜ. ಎರಡು ತಟ್ಟೆ ಅವೆ. ಯಾವ್ದು ಚೆಂದ ಅಂತ ಊರು ಹೇಳ್ಬೇಕು. ಸೋತೋರು ಗೆದ್ದೋರ ಮಾತ್ನ ಒಪ್ಕಂಡು ಮೊದ್ಲಿನಂಗೆ ಇರ್ಬೇಕು."

ರಂಗಜ್ಜ ಒಂದು ಎಲೆಯಡಿಕೆ ಮುಗಿಯುವವರೆಗೂ ಯೋಚಿಸಿ ಒಪ್ಪಿದರಂತೆ. ಜುಂಜಣ್ಣ ಮಾವನಿಗೂ ಹೇಳಿಕಳಿಸಿದರು. ನ್ಯಾಯಕ್ಕೆ ಕರೆದ ಮೇಲೆ ಬರದಿರುವುದು ಅವರ ಹಟ್ಟಿಯಲ್ಲೂ ಇರಲಿಲ್ಲ. ರಷ್ಯಾದ ಸಿಂಫನಿಗೆ ನ್ಯಾಯ ಕೂರಿಸಿದ ಊರು ಭೂಮಿಯ ಮೇಲೆ ನಮ್ಮದೊಂದೇ. ಯಾರಾದರೂ ಅಲ್ಲ ಎನ್ನುವವರಿದ್ದರೆ ಮುಂದೆ ಬರಲಿ.

ಒಂದು ಭಾನುವಾರ ಬೆಳಿಗ್ಗೆ ಸ್ಕೂಲಿನ ಹಾಲಿನಲ್ಲಿ ಜನ ಸೇರಿದರು. ಕೆಲವರು ಜಮಖಾನದ ಮೇಲೆ, ಕೆಲವರು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂತರು. ನಡುವೆ ಕರೆಂಟು ಹೋದರೆ ನ್ಯಾಯ ಕೆಟ್ಟೀತು ಎಂದು ಮೈಕ್‌ಸೆಟ್ಟಿನವರ ಜನರೇಟರ್ ತರಿಸಿದ್ದರು. ನಮ್ಮ ಪ್ಲೇಯರ್ ಮೇಷ್ಟ್ರ ಮೇಜಿನ ಮೇಲೆ ಕೂತಿತ್ತು. ಮುಳ್ಳು ಇಡುವ ಅಧಿಕಾರ ನನ್ನದು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದೆ, ಜಂಬದಿಂದ ಯಾರ ಕಡೆಗೂ ನೋಡದೆ ನಿಂತಿದ್ದೆ. ಅಪ್ಪ ಒಂದು ಕಡೆ, ಕಂಬಳಿ ಹಿಡಿದ ಮಾವ ಇನ್ನೊಂದು ಕಡೆ. ಇಬ್ಬರೂ ಗೋಡೆಯ ಮೇಲಿನ ಭೂಪಟ ನೋಡುತ್ತಿದ್ದರು.

"ಯಾರ್ದು ಮೊದ್ಲು?" ಎಂದರು ರಂಗಜ್ಜ.

"ಬಂದೋರ್ದು" ಎಂದರು ಅಪ್ಪ, ಭೂಪಟದಿಂದ ಕಣ್ಣು ತೆಗೆಯದೆ.

ಎರಡನೆಯ ಭಾಗವನ್ನು ಮಾತ್ರ ಹಾಕಬೇಕು ಎಂದು ಮೊದಲೇ ಮಾತಾಗಿತ್ತು. ಮಾವನ ಕೆಂಪು ತಟ್ಟೆಯ ಮೇಲೆ ಮುಳ್ಳು ಇಳಿಸಿದೆ. ಅರ್ಧ ನಿಮಿಷವೂ ಆಗಿರಲಿಲ್ಲ, ಮಾವ ಬೆಚ್ಚಿ ನನ್ನ ಕಡೆ ನೋಡಿದರು. ಅದು ಅವರ ನಿಧಾನವಾಗಿರಲಿಲ್ಲ. ಚುರುಕಾಗಿ, ತಿಳಿಯಾಗಿ ಹೋಗುತ್ತಿತ್ತು.

"ಗೌರೀ, ನಿಮ್ಮಪ್ಪನ್ದ ಹಾಕಿದ್ದೀಯ ಕಣವ್ವ."

ನಾನು ತಟ್ಟೆಯ ಕೆಂಪು ಕಾಗದ ತೋರಿಸಿದೆ. ಅವರ ಮುಖ ಸಣ್ಣಗಾಯಿತು. ಕೊಂಬು ನುಡಿಯಿತು, ಕೆಮ್ಮು ಬಂತು, ತೆಳು ಕೆಮ್ಮು. ಭಾಗ ಮುಗಿಯಿತು. ತೆಗೆದು ನಮ್ಮ ನೀಲಿ ತಟ್ಟೆ ಹಾಕಿದೆ. ಅದೇ ನಡಿಗೆ, ಅದೇ ಕೊಂಬು, ಅದೇ ಜಾಗಕ್ಕೆ ಅದೇ ತೆಳು ಕೆಮ್ಮು. ಕೂತಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡರು. ರಂಗಜ್ಜ ಬಹಳ ಹೊತ್ತು ತಡೆದುಕೊಂಡಿದ್ದು ಕೊನೆಗೆ ಕೈಯೆತ್ತಿದರು.

"ಹಾಕಿದ್ನೇ ಹಾಕ್ತಾ ಇದ್ದೀಯಲ್ಲವ್ವ. ಇನ್ನೊಂದ ಹಾಕು, ಕೇಳಾನ."

"ಇದೇ ಇನ್ನೊಂದು ಅಜ್ಜ" ಎಂದೆ.

ಅಪ್ಪ ಎದ್ದು ಬಂದು ಎರಡು ತಟ್ಟೆಗಳನ್ನೂ ಬೆಳಕಿಗೆ ಹಿಡಿದು ನೋಡಿದರು. ಮಾವನೂ ಬಂದರು. ತಿಂಗಳುಗಳ ನಂತರ ಇಬ್ಬರೂ ಅಷ್ಟು ಹತ್ತಿರ ನಿಂತದ್ದು ಆಗಲೇ. ಎರಡರ ಒಳಗೂ ಇದ್ದದ್ದು ಒಂದೇ ಕಚೇರಿ, ಒಂದೇ ಕೋಲು ಬೀಸುವವನು, ಒಬ್ಬನೇ ಕೆಮ್ಮಿನವನು. ಯಾವುದೋ ವರ್ಷ ನೀಲಿ ಕಾಗದ ಅಂಟಿಸಿದ್ದಾರೆ, ಇನ್ಯಾವುದೋ ವರ್ಷ ಕೆಂಪು, ಅಷ್ಟೇ. ಹಾಗಾದರೆ ನಮ್ಮ ಪಡಸಾಲೆಯಲ್ಲಿ ಇಷ್ಟು ವರ್ಷ ಕೇಳಿದ ಆ ನಿಧಾನ ಎಲ್ಲಿಂದ ಬಂತು?

ಹೊರಗೆ ಜನರೇಟರ್ ಗುಡುಗುಡು ಎನ್ನುತ್ತಿತ್ತು. ಅದನ್ನು ಕೇಳುತ್ತ ನಿಂತಿದ್ದಾಗ ನನಗೆ ನಮ್ಮ ಹಿತ್ತಲ ಕಡೆಯ ಇನ್ನೊಂದು ಸದ್ದು ಜ್ಞಾಪಕಕ್ಕೆ ಬಂತು. ಮಾವನ ತಟ್ಟೆ ಹಾಕಿದಾಗಲೆಲ್ಲ ಅದು ಹಿನ್ನೆಲೆಯಲ್ಲಿ ಇರುತ್ತಿತ್ತು. ಅಪ್ಪನದು ಹಾಕುವಾಗ ಇರುತ್ತಿರಲಿಲ್ಲ.

"ಅಪ್ಪ, ಮೋಟ್ರು" ಎಂದೆ.

ಅಪ್ಪನಿಗೆ ತಕ್ಷಣ ತಿಳಿಯಲಿಲ್ಲ. ಜುಂಜಣ್ಣ ಮಾವನಿಗೆ ತಿಳಿಯಿತು. "ಓಲ್ಟೇಜು" ಎಂದರು. ಭಾನುವಾರದ ದಿನ ಅವರ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ಭಾನುವಾರ ಮಧ್ಯಾಹ್ನ ನಮ್ಮೂರಿಗೆ ತ್ರೀ ಫೇಸ್ ಬರುತ್ತಿತ್ತು. ಬಂತೆಂದರೆ ಅಷ್ಟೂ ತೋಟದ ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾಗುತ್ತಿದ್ದವು. ವೋಲ್ಟೇಜು ಕುಸಿದು ನಮ್ಮ ಹಳೇ ಪ್ಲೇಯರಿನ ತಟ್ಟೆ ಏದುಸಿರು ಬಿಡುತ್ತ ತಿರುಗುತ್ತಿತ್ತು. ಹಗಲಾದ್ದರಿಂದ ಬಲ್ಬು ಹಾಕಿರುತ್ತಿರಲಿಲ್ಲ, ಮಂಕಾದದ್ದು ಕಾಣುವುದು ಹೇಗೆ? ಸಂಜೆಗೆ ತ್ರೀ ಫೇಸ್ ಹೋಗಿ ಪಂಪುಗಳೆಲ್ಲ ನಿಂತ ಮೇಲೆ ಅಪ್ಪನ ತಟ್ಟೆಯ ಸರದಿ ಬರುತ್ತಿತ್ತು. ಬಂದವರಿಗೆ ಮೊದಲು ಎಂಬ ಮರ್ಯಾದೆಯೇ ಮಾವನ ತಟ್ಟೆಯನ್ನು ಪ್ರತಿ ವಾರ ಪಂಪುಗಳ ಬಾಯಿಗೆ ಕೊಟ್ಟಿತ್ತು. ಕರೆಂಟಿನ ಮಾತು ಬೇಡ ಎಂಬ ಮರ್ಯಾದೆ ಅದನ್ನು ಯಾರೂ ಆಡದಂತೆ ನೋಡಿಕೊಂಡಿತ್ತು.

ಹಿಂದಿನ ಬೆಂಚಿನಿಂದ ನಗು ಶುರುವಾಯಿತು. "ಒಂದೇ ತಟ್ಟೆಗೆ ಇಬ್ರು ಇಷ್ಟು ವರ್ಸ ಗುದ್ದಾಡಿದ್ರಾ" ಎಂದ ಯಾರೋ. ನಗು ಮುಂದಿನ ಸಾಲಿಗೂ ಬಂತು. ನನಗೆ ಅಳು ಬರುವಂತಾಯಿತು. ನಾಳೆಯಿಂದ ಅಂಗಡಿ ಮುಂದೆ, ಬಸ್ಸಿನಲ್ಲಿ, ಸಂತೆಯಲ್ಲಿ ಇದೇ ಮಾತು. ಅಪ್ಪ ತಲೆ ತಗ್ಗಿಸಿದ್ದರು. ಮಾವ ತಟ್ಟೆಯನ್ನು ಕಂಬಳಿಗೆ ಇಡುತ್ತಿದ್ದರು. ಈಗ ಹೋದರೆ ಈ ಮನುಷ್ಯ ಇನ್ನೆಂದೂ ನಮ್ಮ ಮನೆಗೆ ಬರುವುದಿಲ್ಲ ಎಂದು ನನಗೆ ಖಚಿತವಾಗಿ ಅನ್ನಿಸಿತು.

ಸುತ್ತುತ್ತ ಸುತ್ತುತ್ತ, ಅಪ್ಪನಿಗೂ ಪಕ್ಕದಲ್ಲಿದ್ದ ನನಗೂ ಅಷ್ಟೇ ಕೇಳುವಂತೆ ಮಾವ ಹೇಳಿದರು. "ಭಾನುವಾರ ಮಧ್ಯಾಹ್ನ ಈ ಊರಿಗೆ ತ್ರೀ ಫೇಸ್ ಸರದಿ ಹಾಕ್ಸಿದ್ದು ನಾನೇ ಭಾವ. ಅಕ್ಕನ ಕೈಲಿ ಉಣ್ತೀನಲ್ಲ, ನಿಮ್ಮ ತೋಟಕ್ಕೆ ಹಗಲೊತ್ತೇ ನೀರಾಗ್ಲಿ ಅಂತ. ಹೇಳಾಕೆ ಆ ಮಾತು ಎತ್ತಂಗಿರ್ಲಿಲ್ವಲ್ಲ."

ಅಪ್ಪ ತಲೆ ಎತ್ತಿದರು. "ಜಗಳ ಆದ್ಮೇಲೂ ಬತ್ತಿತ್ತಲ್ಲ ಜುಂಜಣ್ಣ."

"ಜಗಳ ನಿಮ್ಮ ಮೇಲೆ. ಗಿಡ ಏನ್ ಮಾಡಿದ್ವು?"

ಅಪ್ಪ ಸ್ವಲ್ಪ ಹೊತ್ತು ಮಾವನ ತೋಳು ಹಿಡಿದುಕೊಂಡೇ ನಿಂತರು. ಆಮೇಲೆ ಜನದ ಕಡೆ ತಿರುಗಿದರು. ತಗ್ಗಿದ್ದ ತಲೆ ಎಲ್ಲಿ ಹೋಯಿತೋ, ನಮ್ಮಪ್ಪ ಅಷ್ಟು ಎತ್ತರದ ಮನುಷ್ಯ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

"ಕೇಳ್ರಪ್ಪ. ನಗೋರು ನಗ್ರಿ, ಆದ್ರೆ ಇದ್ನ ತಿಳ್ಕಂಡು ನಗ್ರಿ. ಈ ತಟ್ಟೆ ಪರ್ಪಂಚ್ದಾಗೆ ಎಲ್ಲಿ ಹಾಕಿದ್ರೂ ಈಗ ಕೇಳಿದ್ರಲ್ಲ, ಹಿಂಗೇ ಹೋಯ್ತದೆ. ಜುಂಜಣ್ಣ ಕೇಳಿದ ನಿಧಾನ ರಷ್ಯಾದಲ್ಲೂ ಸಿಗಲ್ಲ. ಅದು ಈ ಊರಲ್ಲಿ ಮಾತ್ರ ನುಡ್ದಿದ್ದು. ನುಡ್ಸಿದೋರು ಇಲ್ಲೇ ಕುಂತವ್ರೆ. ನಮ್ಮ ಟ್ರಾನ್ಸ್‌ಫಾರ್ಮರಲ್ಲಿ ಮೋಟ್ರು ಇರೋರೆಲ್ಲ ಎದ್ದು ನಿಂತ್ಕಳಿ."

ಯಾರೂ ಏಳಲಿಲ್ಲ. ಸರ್ಕಾರದ ಲೆಕ್ಕಕ್ಕೆ ಕರೆದರೇನೋ ಎಂದು ಕೆಲವರು ಬಾಗಿಲ ಕಡೆ ನೋಡಿದರು. ಅಪ್ಪ ಮತ್ತೆ ಹೇಳಿದರು, "ಏಳ್ರಪ್ಪ, ನಾಚ್ಕೊಬ್ಯಾಡಿ." ಮೊದಲು ರಂಗಜ್ಜ ಗೋಡೆ ಹಿಡಿದು ಎದ್ದರು. ಅವರ ಹಿಂದೆ ಒಬ್ಬೊಬ್ಬರೇ ಎದ್ದರು, ಬೆಂಚಿನಿಂದ ಮೊಣಕಾಲು ಬಿಡಿಸಿಕೊಂಡು, ಪಂಚೆ ಸರಿಮಾಡಿಕೊಂಡು. ತಾನೂ ಒಂದು ಮೋಟರಿನ ಒಡತಿ ಎಂದು ಅಮ್ಮನೂ ಎದ್ದಳು. ನೋಡುನೋಡುತ್ತ ಅರ್ಧ ಹಾಲು ನಿಂತಿತ್ತು. ದೊಡ್ಡ ದೊಡ್ಡ ಊರುಗಳಲ್ಲಿ ಕಚೇರಿ ಮುಗಿದ ಮೇಲೆ ಕೋಲು ಬೀಸುವವನು ವಾದ್ಯಗಾರರನ್ನೆಲ್ಲ ಹೀಗೇ ಎಬ್ಬಿಸಿ ನಿಲ್ಲಿಸುತ್ತಾನೆ ಎಂಬುದನ್ನು ನಾನು ಟೀವಿಯಲ್ಲಿ ನೋಡಿದ್ದು ಎಷ್ಟೋ ವರ್ಷಗಳ ಮೇಲೆ. ಅಪ್ಪ ಅಂಥದ್ದನ್ನು ಎಲ್ಲೂ ನೋಡಿರಲಿಲ್ಲ, ಯಾರಿಂದಲೂ ಕೇಳಿರಲಿಲ್ಲ. ಅವರಿಗೆ ತಾವಾಗಿ ಹೊಳೆದದ್ದು ಅದು. ಈತ ನನ್ನ ಅಪ್ಪ ಎಂದು ಹಾಲಿಗೆಲ್ಲ ಕೇಳುವಂತೆ ಕೂಗಿಬಿಡಬೇಕು ಅನ್ನಿಸಿತು.

ಜುಂಜಣ್ಣ ಮಾವ ಕಂಬಳಿಯನ್ನು ಮೇಜಿನ ಮೇಲಿಟ್ಟರು. ಚಪ್ಪಾಳೆ ತಟ್ಟಿದರು. ಮೊದಲು ಅವರೊಬ್ಬರೇ, ಆಮೇಲೆ ನಾನು, ಆಮೇಲೆ ಕೂತಿದ್ದವರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಾಗಿರಲಿಲ್ಲ. ನಿಂತವರಿಗೆ ತಂತಮ್ಮ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯುತ್ತಿರಲಿಲ್ಲ. ನಕ್ಕವರೂ ಈಗ ಗಂಭೀರವಾಗಿ ನಿಂತಿದ್ದರು.

ರಂಗಜ್ಜ ಮೆಲ್ಲಗೆ ಅಪ್ಪನನ್ನು ಕೇಳಿದರು, "ಇನ್ನು ಕೂತ್ಕಬೋದೇನಪ್ಪ? ಕಾಲು ನೋಯ್ತಾವೆ."

"ಇನ್ನೊಂದು ಗಳಿಗೆ ನಿಂತಿರಿ ಅಜ್ಜ" ಎಂದರು ಅಪ್ಪ. "ಜುಂಜಣ್ಣ ಇನ್ನೂ ನಿಲ್ಸಿಲ್ಲ."